ಸರಾಸರಿ ವಯಸ್ಸು ಕಾರ್ನರ್ ಕಿಕ್ ತಡೆಯುವುದಿಲ್ಲ

ದೊಡ್ಡ ಟೂರ್ನಿಯಲ್ಲಿ ರಾಷ್ಟ್ರೀಯ ಫುಟ್‌ಬಾಲ್ ತಂಡವೊಂದು ಗುಂಪು ಹಂತದಲ್ಲೇ ಸೋತು ಬಂದ ವಾರದೊಳಗೆ ನನ್ನ ಮೇಜಿನ ಮೇಲೆ ಒಂದು ಪಟ್ಟಿ ಬಂದು ಬೀಳುತ್ತದೆ. 30 ದಾಟಿದವರ ಹೆಸರುಗಳ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ 20, 21ರ ಹೊಸ ಹುಡುಗರು, ಕೊನೆಗೆ ಅಡಿಗೆರೆ ಎಳೆದು ಬರೆದ ಸರಾಸರಿ ವಯಸ್ಸು. ಕಿರಿಯರ ತಂಡಗಳಿಗೇ ತರಬೇತಿ ಕೊಡುತ್ತ ಬಂದವನಾದ್ದರಿಂದ ನಾನು ಹಿಗ್ಗುತ್ತೇನೆಂದು ಪಟ್ಟಿ ತಂದವರು ಭಾವಿಸಿರುತ್ತಾರೆ. ನನಗೆ ಬರುವುದು ಸಿಟ್ಟು.

ಹಿಂದೊಮ್ಮೆ ಇಂಥ ಪಟ್ಟಿಗೆ ನಾನೂ ತಲೆಯಾಡಿಸಿದ್ದೆ. ಗೋಲಿನ ಮುಂದೆ ನಡುವಿನಲ್ಲಿ ನಿಂತು ರಕ್ಷಿಸುವ ಇಬ್ಬರು ಸೆಂಟರ್ ಬ್ಯಾಕ್‌ಗಳೂ ಹೊಸಬರು, ಅವರ ಹಿಂದಿನ ಗೋಲ್‌ಕೀಪರ್ ಕೂಡ ಹೊಸಬ. ಬಿಡಿಬಿಡಿಯಾಗಿ ನೋಡಿದರೆ ಮೂವರೂ ಅಪ್ಪಟ ಪ್ರತಿಭೆಗಳು. ಪಂದ್ಯದ ಮೊದಲ ಕಾರ್ನರ್‌ನಲ್ಲಿ, ಮೂಲೆಯಿಂದ ಒದ್ದ ಚೆಂಡು ಮೂವರ ನಡುವೆ ಒಮ್ಮೆ ಪುಟಿದು ಎದುರಾಳಿಯ ಮೊಣಕಾಲಿಗೆ ತಾಗಿ ಗೋಲಾಯಿತು. ಮರುದಿನ ವಿಡಿಯೊ ನಿಲ್ಲಿಸಿ ತೋರಿಸಿದಾಗ 19ರ ಸೆಂಟರ್ ಬ್ಯಾಕ್ ಮೆಲ್ಲಗೆ ಹೇಳಿದ: “ಕ್ಲಬ್‌ನಲ್ಲಿ ಪಕ್ಕದ ಅಣ್ಣ ಕೂಗ್ತಾರೆ ಸರ್, ನಾನು ಹಾರ್ತೀನಿ ಅಷ್ಟೆ.”

ಪಟ್ಟಿ ತರುವವರಿಗೆ ಎಷ್ಟು ಹೇಳಿದರೂ ಹತ್ತದ ಮಾತು ಇದೇ. ಆಟಗಾರ ಒಬ್ಬನೇ ಆಡುವುದಿಲ್ಲ, ಜೋಡಿಯಲ್ಲಿ ಆಡುತ್ತಾನೆ: ಸೆಂಟರ್ ಬ್ಯಾಕ್‌ಗೆ ಇನ್ನೊಬ್ಬ ಸೆಂಟರ್ ಬ್ಯಾಕ್, ಮೈದಾನದ ಅಂಚಿನಲ್ಲಿ ದಾಳಿ ಮಾಡುವ ವಿಂಗರ್‌ಗೆ ಬೆನ್ನ ಹಿಂದಿನ ಬ್ಯಾಕ್, ಸ್ಟ್ರೈಕರ್‌ಗೆ ಚೆಂಡು ಒದಗಿಸುವ ಮಿಡ್‌ಫೀಲ್ಡರ್. ಜೋಡಿಯಲ್ಲಿ ಒಬ್ಬನನ್ನು ಬದಲಿಸಿದರೆ ಉಳಿದವನು ಹೊಸಬನನ್ನು ತಿದ್ದಿಕೊಳ್ಳುತ್ತಾನೆ. ಇಬ್ಬರನ್ನೂ ಒಟ್ಟಿಗೆ ಬದಲಿಸಿದರೆ ತಿದ್ದುವವರೇ ಇರುವುದಿಲ್ಲ. ಕ್ಲಬ್‌ನಲ್ಲಾದರೆ ದಿನದಿನದ ಅಭ್ಯಾಸ ಆ ಕೊರತೆಯನ್ನು ತುಂಬೀತು. ರಾಷ್ಟ್ರೀಯ ತಂಡ ಸೇರುವುದು ಸಾಮಾನ್ಯವಾಗಿ ಒಮ್ಮೆಗೆ ಒಂಬತ್ತು ಹತ್ತು ದಿನ, ಅದರಲ್ಲೇ ಎರಡು ಪಂದ್ಯ; ಭಾನುವಾರ ಕ್ಲಬ್‌ಗಾಗಿ ಆಡಿ ಬಂದವರ ದಣಿವು ಆರಿದ ಮೇಲೆ ನಿಜವಾದ ಅಭ್ಯಾಸಕ್ಕೆ ಉಳಿಯುವುದು ಮೂರೋ ನಾಲ್ಕೋ ಅವಧಿ.

ಜರ್ಮನಿಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ಅರ್ಧ ಮಾತ್ರ ಕೊಡುತ್ತಾರೆ. ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಯುರೋದಲ್ಲಿ 2000ದಲ್ಲಿ ಒಂದೇ ಗೋಲು, ಒಂದೇ ಅಂಕ ಗಳಿಸಿ ಹೊರಬಿದ್ದ ಆ ದೇಶ ತನ್ನ ಅಗ್ರ ಲೀಗ್ ಬುಂಡೆಸ್‌ಲಿಗಾದ ಕ್ಲಬ್‌ಗಳಿಗೆ ಯುವ ಅಕಾಡೆಮಿಯನ್ನು ಕಡ್ಡಾಯ ಮಾಡಿತು. ಅದರ ಫಲ ಕಣ್ಣಿಗೆ ಕಂಡದ್ದು 2009ರಲ್ಲಿ, 21ರೊಳಗಿನವರ ಯುರೋ ಫೈನಲ್‌ನಲ್ಲಿ ಇಂಗ್ಲೆಂಡನ್ನು 4-0ಯಿಂದ ಮಣಿಸಿದಾಗ. ನಾಯರ್, ಹುಮೆಲ್ಸ್, ಬೋಟೆಂಗ್, ಖೆದಿರಾ, ಓಝಿಲ್ ಆ ತಂಡದಲ್ಲಿ ಆಗಲೇ ಒಬ್ಬರನ್ನೊಬ್ಬರು ಅರಿತಿದ್ದರು. ಆದರೂ 2010ರ ವಿಶ್ವಕಪ್‌ನಲ್ಲಿ 24ರ ನಾಯರ್ ಗೋಲು ಕಾಯುವಾಗ ಅವನ ಮುಂದೆ ಸೆಂಟರ್ ಬ್ಯಾಕ್‌ಗಳಾಗಿ ನಿಂತವರು ಮೆರ್ಟೆಸಾಕರ್ ಮತ್ತು 31ರ ಫ್ರೀಡ್ರಿಚ್. 2014ರಲ್ಲಿ ಕಪ್ ಗೆದ್ದ ತಂಡದ ಸ್ಟ್ರೈಕರ್ ಕ್ಲೋಸಾಗೆ 36. ಇದೇ ಜರ್ಮನಿ 2019ರ ಮಾರ್ಚ್‌ನಲ್ಲಿ ಮುಲ್ಲರ್, ಹುಮೆಲ್ಸ್, ಬೋಟೆಂಗ್ ಮೂವರನ್ನೂ ಒಂದೇ ಏಟಿಗೆ ಕೈಬಿಟ್ಟಿತು. 2020ರ ನವೆಂಬರ್‌ನಲ್ಲಿ ಸ್ಪೇನ್ ಎದುರು 0-6ರಿಂದ ಸೋತಿತು. ಆ ಸೋಲಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಮುಂದಿನ ಯುರೋಗೆ ಮುಲ್ಲರ್ ಮತ್ತು ಹುಮೆಲ್ಸ್ ಮರಳಿ ಬಂದದ್ದಂತೂ ನಿಜ.

2024ರ ಯುರೋ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಸ್ಪೇನ್‌ನ ವಿಂಗರ್ ಯಮಾಲ್. ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ ಗೋಲು ಹೊಡೆದಾಗ ಅವನಿಗೆ 16 ವರ್ಷ. ಅದೇ ಬಲಬದಿಯಲ್ಲಿ ಅವನ ಬೆನ್ನಿಗೆ ರೈಟ್ ಬ್ಯಾಕ್ ಆಗಿ ನಿಂತಿದ್ದ ನವಾಸ್‌ಗೆ 38, ಎದುರಿಗೆ ಫ್ರಾನ್ಸ್‌ನ ಎಂಬಾಪೆ. ಯಮಾಲ್, ನವಾಸ್ ಇಬ್ಬರ ವಯಸ್ಸನ್ನೂ ಕೂಡಿಸಿ ಭಾಗಿಸಿದರೆ 27 ಬರುತ್ತದೆ. ಆ 27ರಿಂದ ಯಾರಿಗೆ ಏನು ತಿಳಿಯಿತು?

ಹಾಗೆಂದು ಹಿರಿಯರೆಲ್ಲ ಉಳಿಯಲಿ ಎಂಬುದು ನನ್ನ ವಾದವಲ್ಲ. 2006ರ ವಿಶ್ವಕಪ್ ವಿಜೇತರನ್ನೇ ನೆಚ್ಚಿಕೊಂಡು ಹೋದ ಇಟಲಿ 2010ರಲ್ಲಿ ತನ್ನ ಗುಂಪಿನ ಕೊನೆಯ ಸ್ಥಾನದಲ್ಲಿ ಉಳಿಯಿತು. ಓಟ ಕುಗ್ಗಿದವರು ಹೋಗಲೇಬೇಕು, ಅದರಲ್ಲಿ ದಾಕ್ಷಿಣ್ಯ ಸಲ್ಲದು. ಯಾರ ಪಕ್ಕದಿಂದ ಯಾರನ್ನು, ಯಾವ ಪಂದ್ಯದ ನಂತರ ತೆಗೆಯುತ್ತೀರಿ ಎಂಬ ಲೆಕ್ಕ ನನಗೆ ಬೇಕು.

ಈ ಸಲದ ಪಟ್ಟಿಯಲ್ಲಿ ಕೆಂಪು ಗೆರೆ ಬಿದ್ದ ಹೆಸರುಗಳಲ್ಲಿ ಆ ಕಾರ್ನರ್‌ನ ಹುಡುಗನದೂ ಒಂದು, ಅವನಿಗೀಗ 31. ಆ ಗೆರೆಯನ್ನು ಅಳಿಸಿ, ಅವನ ಜೋಡಿಯ ಜಾಗಕ್ಕೆ ಅವರು ಬರೆದಿದ್ದ 20ರ ಹುಡುಗನ ಹೆಸರನ್ನು ಹಾಗೆಯೇ ಉಳಿಸಿ ಪಟ್ಟಿಯನ್ನು ಹಿಂದಕ್ಕೆ ಕಳುಹಿಸಿದ್ದೇನೆ.