ಒಂದು ಏರ್ ಪ್ಯೂರಿಫೈಯರ್ ಮನೆಗೆಲ್ಲ ಸಾಕಾ?

ದೀಪಾವಳಿ ಹತ್ತಿರ ಬಂತೆಂದರೆ ದೆಹಲಿ, ಗುರುಗ್ರಾಮದಲ್ಲಿರುವ ನಮ್ಮವರದ್ದು ಒಂದೇ ಪ್ರಶ್ನೆ: ‘ಸರ್, ಬಾಕ್ಸ್ ಮೇಲೆ 500 ಚದರಡಿ ಅಂತಿದೆ, ಹಾಲ್‌ನಲ್ಲಿ ಒಂದಿಟ್ಟರೆ ಮನೆಗೆಲ್ಲ ಸಾಕಲ್ವಾ?’ ಸಾಲದು.

ಆ ಚದರಡಿಯನ್ನು ಜಾಸ್ತಿ ನಂಬಬೇಡಿ. ಗಂಟೆಗೆ ಒಂದೆರಡು ಸಲ ಗಾಳಿ ಸೋಸಿದರೆ ಸಾಕು ಅಂತ ಲೆಕ್ಕ ಹಿಡಿದರೆ ಯಾವ ಮೆಷಿನ್‌ಗೂ ದೊಡ್ಡ ಅಂಕಿ ಬರುತ್ತದೆ. ದೆಹಲಿಯ ಚಳಿಗಾಲಕ್ಕೆ ಐದು ಸಲವಾದರೂ ಬೇಕು. ನೋಡಬೇಕಾದದ್ದು ಸಿಎಡಿಆರ್, ಅಂದರೆ ಮೆಷಿನ್ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎನ್ನುವುದು. ನಮ್ಮ ಕಡೆ ಸೀಲಿಂಗ್ ಸುಮಾರು 10 ಅಡಿ ಇರುತ್ತದೆ, ಹಾಗಾಗಿ ರೂಮಿನ ಚದರಡಿಯನ್ನು ಒಂದೂವರೆಯಿಂದ ಗುಣಿಸಿದರೆ ಬೇಕಾದ ಸಿಎಡಿಆರ್ ಹೆಚ್ಚುಕಮ್ಮಿ ಸಿಕ್ಕಿಬಿಡುತ್ತದೆ. 12 ಅಡಿಗೆ 11 ಅಡಿ ಬೆಡ್‌ರೂಮ್ ಎಂದರೆ 132 ಚದರಡಿ, ಸುಮಾರು 200 ಬೇಕು.

ಆದರೆ 200ರದ್ದೇ ತಂದುಬಿಡಬೇಡಿ! ಬಾಕ್ಸ್ ಮೇಲಿನ ಸಿಎಡಿಆರ್ ಸಾಮಾನ್ಯವಾಗಿ ಫುಲ್ ಸ್ಪೀಡ್‌ನದ್ದು. ಆ ಸದ್ದಿನಲ್ಲಿ ಯಾರಿಗೆ ನಿದ್ದೆ ಬರುತ್ತದೆ? ರಾತ್ರಿ ಸ್ಲೀಪ್ ಮೋಡ್‌ಗೆ ಹಾಕುತ್ತೀರಿ, ಗಾಳಿ ಅರ್ಧಕ್ಕಿಂತಲೂ ಕೆಳಗೆ ಇಳಿದಿರುತ್ತದೆ, ಬೆಳಗ್ಗೆ ಎದ್ದು ಮೆಷಿನ್ ಸರಿಯಿಲ್ಲ ಅಂತ ಬೈಯುತ್ತೀರಿ. 350, 400ರದ್ದು ತಂದು ಮಧ್ಯದ ಸ್ಪೀಡ್‌ನಲ್ಲಿ ಓಡಿಸಿ.

ಇನ್ನು ಎಷ್ಟು ಬೇಕು ಅನ್ನುವುದು. ಬಾಗಿಲು ಹಾಕಿಕೊಂಡು ಮಲಗುವ ರೂಮಿಗೆ ತಲಾ ಒಂದು, ಇದರಲ್ಲಿ ಚೌಕಾಸಿ ಇಲ್ಲ. ಹಾಲ್‌ನಲ್ಲಿರುವ ಮೆಷಿನ್ ಎಷ್ಟೇ ದೊಡ್ಡದಿದ್ದರೂ ಮುಚ್ಚಿದ ಬಾಗಿಲಾಚೆಯ ಗಾಳಿಯನ್ನು ಸೋಸಲಾರದು. ದುಡ್ಡು ಒಂದಕ್ಕೇ ಇದೆಯಾ? ಮಗುವೋ ವಯಸ್ಸಾದವರೋ ಮಲಗುವ ರೂಮಿನಲ್ಲಿಡಿ. ಹಾಲ್, ಡೈನಿಂಗ್, ಓಪನ್ ಕಿಚನ್ ಒಟ್ಟಿಗಿರುವ ಕಡೆ 500 ಬೇಕೆಂದು ಲೆಕ್ಕ ಬಂದರೆ 250ರ ಎರಡು ಇಟ್ಟರೂ ನಡೆಯುತ್ತದೆ, ಏಕೆಂದರೆ ಒಂದೇ ಜಾಗದಲ್ಲಿ ಸಿಎಡಿಆರ್ ಕೂಡಿಕೊಳ್ಳುತ್ತದೆ. ಎರಡು ಮೂಲೆಗೆ ಒಂದೊಂದು ಇಟ್ಟರೆ ಗಾಳಿ ಚೆನ್ನಾಗಿ ತಿರುಗುತ್ತದೆ ಕೂಡ. ಪರದೆ ಹಿಂದೆ, ಸೋಫಾ ಸಂದಿಯಲ್ಲಿ ಮಾತ್ರ ತುರುಕಬೇಡಿ.

ಕೊಳ್ಳುವ ಮೊದಲು ಫಿಲ್ಟರ್ ಬೆಲೆ ಕೇಳಿ. ಎರಡು ಮೆಷಿನ್ ಅಂದರೆ ಎರಡು ಫಿಲ್ಟರ್ ಖರ್ಚು, ಅಲ್ವಾ? ಮೆಷಿನ್ ಒಳಗಿರುವ ಹೆಪಾ ಫಿಲ್ಟರ್ (ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಜರಡಿ) ಧೂಳು, ಹೊಗೆಯ ಕಣ ಹಿಡಿಯುತ್ತದೆ, ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಹಿಡಿಯುವುದಿಲ್ಲ. ಸ್ಪ್ಲಿಟ್ ಎಸಿಯೂ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಹಾಗಾಗಿ ಮಧ್ಯಾಹ್ನ ಹೊರಗಿನ ಮಾಲಿನ್ಯ ಸ್ವಲ್ಪ ಇಳಿದಾಗ ಕಿಟಕಿ ಕೊಂಚ ಹೊತ್ತು ತೆಗೆಯಿರಿ, ಆಮೇಲೆ ಮುಚ್ಚಿ ಅರ್ಧ ಗಂಟೆ ಫುಲ್ ಸ್ಪೀಡ್ ಓಡಿಸಿ.