ಮಗುಗೆ ಎರಡೂವರೆ ವರ್ಷ, ಇನ್ನೂ ಮಾತಿಲ್ಲ. ಮೊದ್ಲು ಎಲ್ಲಿಗೆ ಹೋಗ್ಬೇಕು?

ಪ್ರಶ್ನೆ: ಮೇಡಂ, ನಮ್ಮ ಮಗನಿಗೆ ಎರಡೂವರೆ ವರ್ಷ. ನಡಿಯೋದೂ ಲೇಟಾಯ್ತು, ಮಾತು ಇನ್ನೂ ಬಂದಿಲ್ಲ. ಒಬ್ರು ಫಿಸಿಯೋ ಮಾಡ್ಸಿ ಅಂತಾರೆ, ಒಬ್ರು ಸ್ಪೀಚ್ ಥೆರಪಿ ಅಂತಾರೆ, ಇನ್ನೊಬ್ರು ಸೀದಾ ಬೆಂಗಳೂರಿಗೆ ಹೋಗಿ ಅಂತಾರೆ. ನಮ್ಮತ್ತೆ ಮಾತ್ರ ಗಂಡುಮಗು ಅಲ್ವಾ, ತಾನಾಗೇ ಬರುತ್ತೆ, ಸುಮ್ನಿರಿ ಅಂತಾರೆ. ಮೊದ್ಲು ಎಲ್ಲಿಗೆ ಹೋಗೋದು, ಇದನ್ನೆಲ್ಲ ಒಂದ್ಕಡೆ ಕೂರ್ಸಿ ಹೇಳೋರು ಯಾರಾದ್ರೂ ಇದಾರಾ?

ಉತ್ತರ: ಈ ಪ್ರಶ್ನೆ ವಾರಕ್ಕೆ ಎರಡು ಸಲನಾದ್ರೂ ಬರುತ್ತೆ. ಒಂದ್ಸಲ ಮಾಲೂರಿಂದ, ಒಂದ್ಸಲ ಮುಳಬಾಗಿಲಿಂದ, ಮೊನ್ನೆ ಬಂಗಾರಪೇಟೆಯಿಂದ. ಊರು ಬೇರೆ, ಮಾತು ಅದೇ, ಕೊನೇಲಿ ಆ ಅತ್ತೆ ಮಾತೂ ಅದೇ. ಕೋಲಾರ ಜಿಲ್ಲೆಲಿ ಹದಿನಾಲ್ಕು ವರ್ಷದಿಂದ ವಿಶೇಷ ಶಿಕ್ಷಕಿಯಾಗಿದೀನಿ, ಪ್ರತಿ ಫೋನಿಗೂ ಅರ್ಧ ಗಂಟೆ ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಈ ಸಲ ಪೂರ್ತಿ ಬರೀತೀನಿ, ಮನೇಲಿರೋ ದೊಡ್ಡೋರಿಗೂ ಓದಿ ಹೇಳಿ.

ಹೋಗ್ಬೇಕಾದ ಜಾಗ ಜಿಲ್ಲಾಸ್ಪತ್ರೆಯ ಡಿಇಐಸಿ, ಅಂದ್ರೆ ಮಕ್ಕಳ ಬೆಳವಣಿಗೆ ತೊಂದ್ರೆನ ಬೇಗ ಗುರುತಿಸಿ ಚಿಕಿತ್ಸೆ ಕೊಡೋ ಕೇಂದ್ರ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದ್ಯಲ್ಲ, ಆರ್‌ಬಿಎಸ್‌ಕೆ ಅಂತ ಗಾಡಿ ಮೇಲೆ ಬರ್ದಿರೋದು ನೋಡಿರ್ತೀರ, ಅದರದ್ದೇ ಕೇಂದ್ರ ಇದು, ಹುಟ್ಟಿದ ಮಗುವಿಂದ 18 ವರ್ಷದವರೆಗೆ ದುಡ್ಡಿಲ್ಲದೆ ನೋಡ್ತಾರೆ. ಮಕ್ಕಳ ಡಾಕ್ಟರು, ಫಿಸಿಯೋ, ಕಿವಿ ಮತ್ತು ಮಾತು ನೋಡೋರು, ಸೈಕಾಲಜಿಸ್ಟ್, ಕಣ್ಣು ಟೆಸ್ಟ್ ಮಾಡೋರು, ನಮ್ಮಂಥ ವಿಶೇಷ ಶಿಕ್ಷಕರು ಎಲ್ಲ ಒಂದೇ ಕಡೆ ಸಿಗ್ಲಿ ಅಂತಾನೇ ಅದನ್ನ ಮಾಡಿರೋದು, ಇವರೆಲ್ಲರ ಮಧ್ಯೆ ಓಡಾಡೋಕೆ ಅಂತ ಮ್ಯಾನೇಜರ್ ಹುದ್ದೆನೂ ಇದೆ. ಯಾವ ದಿನ ಯಾರು ಇರ್ತಾರೆ ಅಂತ ಮೊದ್ಲೇ ಕೇಳ್ಕೊಂಡು ಬಸ್ ಹತ್ತಿ, ಸ್ಪೀಚ್‌ನವರು ರಜದಲ್ಲಿದ್ದ ದಿನ ಹೋಗಿ ವಾಪಸ್ ಬಂದು, ಆಮೇಲೆ ಆ ಕಡೆ ತಲೆನೇ ಹಾಕದೆ ಇರೋರನ್ನ ತುಂಬ ಜನ ನೋಡಿದೀನಿ.

ಅಷ್ಟು ದೂರ ಹೋಗೋಕೂ ಮುಂಚೆ ನಿಮ್ಮೂರ ಅಂಗನವಾಡಿಲಿ ಕೇಳಿ. ಆರ್‌ಬಿಎಸ್‌ಕೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರ್ಬೇಕು, ಇಬ್ರು ಡಾಕ್ಟರು, ಒಬ್ರು ನರ್ಸು, ಒಬ್ರು ಫಾರ್ಮಸಿಸ್ಟ್. ಆ ದಿನ ಮಗುನ ಕಳಿಸ್ದೆ ಮನೇಲಿ ಇಟ್ಕೊಳ್ಳೋ ತಾಯಂದಿರಿದಾರೆ, ಯಾರಾದ್ರೂ ಏನಾದ್ರೂ ಅಂದ್ಬಿಟ್ರೆ ಅನ್ನೋ ಭಯಕ್ಕೆ. ಆ ಭಯ ನನಗೆ ಅರ್ಥ ಆಗುತ್ತೆ, ಆದ್ರೂ ಕಳಿಸಿ. ಅವರು ಬರ್ಕೊಡೋ ರೆಫರಲ್ ಚೀಟಿ ಇದ್ರೆ ಜಿಲ್ಲಾಸ್ಪತ್ರೆಲಿ ಅರ್ಧ ಕೆಲಸ ಆದಂಗೆ. ಇನ್ನು ಗ್ರಾಮ ಪಂಚಾಯ್ತಿಲಿ ವಿಆರ್‌ಡಬ್ಲ್ಯು ಅಂತ ಒಬ್ರು ಇರ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಮುಂದೆ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಪಿಂಚಣಿ ಅಂತ ಓಡಾಟ ಬಂದ್ರೆ ಅವರಷ್ಟು ದಾರಿ ಗೊತ್ತಿರೋರು ಬೇರೆ ಇಲ್ಲ.

ಎಲ್ಲ ಒಂದ್ಕಡೆ ಕೂರ್ಸಿ ಹೇಳೋರು ಯಾರು ಅಂದ್ರಲ್ಲ. ಸರ್ಕಾರದ ಲೆಕ್ಕದಲ್ಲಿ ಡಿಇಐಸಿ. ಆದ್ರೆ ಮಗು ಕೋಲಾರದಲ್ಲಿ ಫಿಸಿಯೋ, ನಿಮ್ಹಾನ್ಸ್‌ನಲ್ಲಿ ಪರೀಕ್ಷೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಲಿ ಕಿವಿ ಅಂತ ಮೂರು ಕಡೆ ಹಂಚಿಹೋದಾಗ ಪೂರ್ತಿ ಕತೆ ಗೊತ್ತಿರೋದು ಅಮ್ಮಂಗೆ ಮಾತ್ರ. ಅದಕ್ಕೇ ಒಂದು ಫೈಲ್ ಮಾಡಿ ಅಂತ ಬಡ್ಕೊಳ್ಳೋದು. ತಾಯಿ ಕಾರ್ಡಿಂದ ಶುರುವಾಗ್ಲಿ, ಹುಟ್ಟಿದಾಗಿನ ತೂಕ, ಎಷ್ಟು ತಿಂಗಳಿಗೆ ಹೆರಿಗೆ, ಹುಟ್ಟಿದ ತಕ್ಷಣ ಅತ್ತಿದ್ಯಾ, ಎಷ್ಟು ದಿನ ಆಸ್ಪತ್ರೆ ಗ್ಲಾಸ್ ಪೆಟ್ಟಿಗೆಲಿ ಇಟ್ಟಿದ್ರು, ಆಮೇಲೆ ಪ್ರತಿ ಡಾಕ್ಟರ ಚೀಟಿ ತಾರೀಕಿನ ಪ್ರಕಾರ. ಫಿಸಿಯೋದವರು ಹೇಳಿದ್ದನ್ನ ಸ್ಪೀಚ್‌ನವರಿಗೆ ತೋರ್ಸಿ, ಅವರು ಹೇಳಿದ್ದನ್ನ ಇವರಿಗೆ ತೋರ್ಸಿ. ತಿಂಗಳು ತುಂಬದೆ ಹುಟ್ಟಿದ ಮಗುವಾದ್ರೆ ಅದನ್ನ ಮೊದ್ಲ ಪುಟದಲ್ಲೇ ದೊಡ್ಡದಾಗಿ ಬರೀರಿ, ಎರಡು ತಿಂಗಳು ಮುಂಚೆ ಹುಟ್ಟಿದ್ರೆ ಎರಡು ವರ್ಷ ಆಗೋವರೆಗೂ ಬೆಳವಣಿಗೆ ಲೆಕ್ಕ ಹಾಕುವಾಗ ಆ ಎರಡು ತಿಂಗಳು ಕಳೀಬೇಕು.

ಈಗ ಅತ್ತೆ ಮಾತಿಗೆ ಬರ್ತೀನಿ. ಗಂಡುಮಕ್ಕಳಿಗೆ ಮಾತು ಲೇಟು, ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಕಾಯಿ. ಈ ಒಂದು ಮಾತಿಂದ ನಮ್ಮ ಕಡೆ ಎಷ್ಟು ಮಕ್ಕಳ ಎಷ್ಟು ವರ್ಷ ಹೋಗಿದೆ ಅಂತ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಗಂಡು ಹೆಣ್ಣು ವ್ಯತ್ಯಾಸ ಇರೋದು ನಿಜ, ಸರಾಸರಿ ಒಂದೆರಡು ತಿಂಗಳದ್ದು. ಒಂದೆರಡು ತಿಂಗಳು ಎಲ್ಲಿ, ಎರಡು ವರ್ಷ ಎಲ್ಲಿ? ಹದಿನೈದು ಹದಿನಾರು ತಿಂಗಳಿಗೆ ಅರ್ಥ ಇರೋ ಒಂದೆರಡು ಪದ, ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಕೊಡು" ಅನ್ನೋ ಥರ ಎರಡು ಪದ ಸೇರ್ಸಿ ಆಡೋದು, ಇದು ಹುಡುಗಿಗೂ ಅಷ್ಟೇ ಹುಡುಗನಿಗೂ ಅಷ್ಟೇ. ನಡಿಗೆ 18 ತಿಂಗಳೊಳಗೆ. ಇನ್ನೂ ಒಂದು ಮಾತಿದೆ, ಆಟಿಸಂ, ಅಂದ್ರೆ ಬೇರೆಯವರ ಜೊತೆ ಬೆರೆಯೋದು ಮಾತಾಡೋದು ಕಷ್ಟ ಆಗೋ ಬೆಳವಣಿಗೆ ತೊಂದ್ರೆ, ಗಂಡುಮಕ್ಕಳಲ್ಲೇ ಜಾಸ್ತಿ ಗುರುತಾಗೋದು, ಒಂದು ಹೆಣ್ಣುಮಗುಗೆ ಸುಮಾರು ನಾಲ್ಕು ಗಂಡುಮಕ್ಕಳ ಲೆಕ್ಕ. ಅಂದ್ಮೇಲೆ ಗಂಡುಮಗು ಅಂತ ಕಾಯೋದಲ್ಲ, ಗಂಡುಮಗು ಅಂತಾನೇ ಇನ್ನೂ ಬೇಗ ತೋರಿಸ್ಬೇಕು.

ಅವರಪ್ಪ ನಾಲ್ಕು ವರ್ಷಕ್ಕೆ ಮಾತಾಡಿರ್ಬೋದು. ಲೇಟಾಗಿ ಮಾತಾಡೋ ಮಕ್ಕಳಲ್ಲಿ ಎಷ್ಟೋ ಮಕ್ಕಳು ತಾವಾಗೇ ಸರಿಹೋಗ್ತಾರೆ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಎರಡು ವರ್ಷದ ಮಗುನ ನೋಡಿ ಇದು ಸರಿಹೋಗೋ ಮಗು, ಇದು ಸರಿಹೋಗದ ಮಗು ಅಂತ ಹೇಳೋಕೆ ಅತ್ತೆಗೂ ಆಗಲ್ಲ, ನನಗೂ ಆಗಲ್ಲ. ಸರಿಹೋದವರ ಕತೆನ ಮದುವೆ ಮನೇಲಿ ಹೇಳ್ತಾರೆ, ಸರಿಹೋಗದವರ ಕತೆ ಯಾರೂ ಹೇಳಲ್ಲ, ಅದಕ್ಕೆ ನಿಮ್ಮ ಕಿವಿಗೆ ಬೀಳೋದೆಲ್ಲ ಸರಿಹೋಗಿದ್ದೇ. ಮಗು ತಾನಾಗೇ ಮಾತಾಡೋದಿದ್ರೆ ನಾಲ್ಕು ತಿಂಗಳು ಥೆರಪಿಗೆ ಹೋಗಿ ಬಂದಿದ್ರಿಂದ ಏನೂ ಕೆಡಲ್ಲ. ಬೇರೆ ತೊಂದ್ರೆ ಇದ್ರೆ, ಕಾದ ಆ ತಿಂಗಳುಗಳನ್ನ ಯಾರೂ ವಾಪಸ್ ಕೊಡಲ್ಲ, ಮೂರು ವರ್ಷದೊಳಗೇ ಮೆದುಳು ದೊಡ್ಡೋರ ಮೆದುಳಿನ ಗಾತ್ರದ ನೂರಕ್ಕೆ ಸುಮಾರು 80 ಭಾಗ ಬೆಳೆದುಬಿಡುತ್ತೆ, ಕಲಿಯೋಕೆ ಅಷ್ಟು ಸುಲಭವಾದ ಕಾಲ ಆಮೇಲೆ ಬರಲ್ಲ.

ಶ್ರೀನಿವಾಸಪುರ ಕಡೆ ಒಂದು ಮಾವಿನ ತೋಟದ ಮನೆ. ಹುಡುಗನಿಗೆ ಮೂರು ವರ್ಷ ಎಂಟು ತಿಂಗಳು, ಒಂದು ಪದ ಇಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ರು, ಹರಕೆ ಹೊತ್ತಿದ್ರು, ನಾಲಿಗೆ ಕೆಳಗಿನ ದಾರ ಕತ್ತರಿಸಿದ್ರೆ ಮಾತು ಬರುತ್ತೆ ಅಂತ ಯಾರೋ ಹೇಳಿ ಅದನ್ನೂ ಮಾಡ್ಸಿದ್ರು. ಆ ದಾರಕ್ಕೂ ಮಾತು ಶುರುವಾಗದೆ ಇರೋದಕ್ಕೂ ಸಂಬಂಧ ಇಲ್ಲ. ಕಿವಿ ಟೆಸ್ಟ್ ಆಗಿದ್ಯಾ ಅಂದೆ. ಅವನಜ್ಜಿಗೆ ಕೋಪ ಬಂತು, "ಕಿವಿ ಚೆನ್ನಾಗಿದೆ, ನೋಡಿ" ಅಂತ ಹುಡುಗನ ಹಿಂದೆ ನಿಂತು ಸ್ಟೀಲ್ ತಟ್ಟೆನ ಹಾಸುಗಲ್ಲಿಗೆ ಬಡಿದ್ರು, ಹುಡುಗ ತಟ್ಟನೆ ತಿರುಗಿದ. ಎಲ್ಲರ ಮುಖ ಅರಳಿತು. ಆದ್ರೆ ಅವನು ಬರಿಗಾಲಲ್ಲಿ ಅದೇ ಕಲ್ಲಿನ ಮೇಲೆ ಕೂತಿದ್ದ, ಬಡಿದ ಅದುರು ಕಾಲಿಗೇ ತಾಗಿರುತ್ತೆ, ಬಾಗಿಲ ಬಿಸಿಲಿಗೆ ಅಜ್ಜಿ ನೆರಳು ಅವನ ಮುಂದೆನೇ ಬಿದ್ದಿತ್ತು. ಅವನನ್ನ ಅಮ್ಮನ ತೊಡೆ ಮೇಲೆ ಕೂರ್ಸಿ, ನೆರಳು ಬೀಳದ ಕಡೆಯಿಂದ ಹಿಂದೆ ನಿಂತು ಹೆಸರು ಕರೆದೆ. ಒಂದ್ಸಲ, ಎರಡ್ಸಲ, ಆಮೇಲೆ ಜೋರಾಗಿ. ಅಮ್ಮನ ಬಳೆ ಜೊತೆ ಆಡ್ತಾನೇ ಇದ್ದ. ಬೇರಾ ಅನ್ನೋ ಕಿವಿ ಟೆಸ್ಟ್‌ನಲ್ಲಿ ಎರಡೂ ಕಿವಿ ತೀರಾ ಕಮ್ಮಿ ಅಂತ ಬಂತು. ಅವರಮ್ಮ ಆಮೇಲೆ ಮೆಲ್ಲಗೆ ಹೇಳಿದ್ದು, ಒಂದೂವರೆ ವರ್ಷಕ್ಕೇ ಅನುಮಾನ ಬಂದಿತ್ತು ಅಕ್ಕ, ನನ್ ಮಾತು ಯಾರೂ ಕೇಳ್ಲಿಲ್ಲ ಅಂತ.

ಕಿವಿ ಕೇಳದ ಮಗುನೂ ಮೊದ್ಲ ತಿಂಗಳುಗಳಲ್ಲಿ ಊಂ ಆಂ ಅಂತ ಸದ್ದು ಮಾಡುತ್ತೆ, ನಗುತ್ತೆ, ಅದಕ್ಕೇ ಮನೆಯವರು ಮೋಸ ಹೋಗೋದು. ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಹಿಯರಿಂಗ್ ಏಡು ಥೆರಪಿ ಶುರು ಅನ್ನೋದು ಎಲ್ಲ ಕಡೆ ಒಪ್ಪಿರೋ ಲೆಕ್ಕ. ಹಂಗಾಗಿ ಮಾತು ಬಂದಿಲ್ಲ ಅನ್ನೋ ಯಾವ ಮಗುವಿಗಾದ್ರೂ ಮೊದ್ಲ ಟೆಸ್ಟ್ ಕಿವಿದೇ, ನಿಮ್ಮ ಮಗನಿಗೂ. ಜೊತೆಗೆ ಥೈರಾಯ್ಡ್ ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟರ್ ಹತ್ರ ಕೇಳಿ. ಮಾತಾಡ್ತಿದ್ದ ಮಗು ಮಾತು ಬಿಟ್ಬಿಟ್ರೆ, ಹೆಸರು ಕರೆದ್ರೆ ನೋಡೋದು ನಿಂತ್ರೆ ಒಂದು ವಾರನೂ ಕಾಯ್ಬೇಡಿ.

ಫಿಸಿಯೋ ಮುಗಿದ್ಮೇಲೆ ಸ್ಪೀಚ್, ಆಮೇಲೆ ಇನ್ನೊಂದು ಅಂತ ಸಾಲಿಗೆ ನಿಲ್ಲಿಸೋದೂ ಬೇಡ, ಎಲ್ಲ ಒಟ್ಟಿಗೆ ನಡೀಲಿ. ಥೆರಪಿ ಕೋಣೆಲಿ ವಾರಕ್ಕೆ ಮುಕ್ಕಾಲು ಗಂಟೆ, ಮಿಕ್ಕಿದ್ದೆಲ್ಲ ಮನೇಲಿ. ಅವರೆಕಾಯಿ ಕಾಲದಲ್ಲಿ ಸುಲಿಯೋಕೆ ಕೂತಾಗ ಮಗುನ ಪಕ್ಕದಲ್ಲಿ ಕೂರ್ಸಿ, ಹೆಬ್ಬೆರಳು ತೋರುಬೆರಳಲ್ಲಿ ಕಾಳು ಎತ್ತಿ ಪಾತ್ರೆಗೆ ಹಾಕ್ಲಿ, ಒಂದೊಂದು ಹಾಕಿದಾಗ್ಲೂ "ಹಾಕು", "ಇನ್ನೊಂದು", "ಆಯ್ತು" ಅನ್ನಿ. ಕಾಳು ಮೂಗಿಗೆ ಬಾಯಿಗೆ ಹೋಗದಂಗೆ ಕಣ್ಣಿಟ್ಟಿರಿ. ಕೈ ಕೆಲಸನೂ ಆಯ್ತು, ಮಾತೂ ಆಯ್ತು, ಕೂತ್ಕೊಳ್ಳೋದೂ ಆಯ್ತು.

ಮಾತು ಅಂದಾಗ ನೆನಪಾಯ್ತು, ನೀವು ಕೇಳಿಲ್ಲ, ಆದ್ರೆ ಈ ಜಿಲ್ಲೆಲಿ ಇದನ್ನ ಹೇಳ್ದೆ ಮುಗಿಸೋಕಾಗಲ್ಲ. ನಮ್ಮಲ್ಲಿ ಎಷ್ಟೋ ಮನೇಲಿ ತೆಲುಗು, ಬೀದಿಲಿ ಕನ್ನಡ, ಕೆಜಿಎಫ್ ಕಡೆ ತಮಿಳು, ಇನ್ನು ಕೆಲವು ಮನೇಲಿ ಉರ್ದು. ಎರಡು ಭಾಷೆ ಕಲಸಿದ್ದಕ್ಕೇ ಮಗುಗೆ ಗೊಂದಲ ಆಗಿದೆ, ಒಂದೇ ಭಾಷೆ ಮಾತಾಡಿ ಅಂತ ಓದಿರೋರೇ ಹೇಳ್ತಾರೆ. ಎರಡು ಭಾಷೆಯಿಂದ ಮಾತು ತಡ ಆಗಲ್ಲ, ಆಟಿಸಂ ಇರೋ ಮಕ್ಕಳಲ್ಲೂ, ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲೂ ಆಗಲ್ಲ. ಪದ ಎಣಿಸುವಾಗ ಎರಡೂ ಭಾಷೆದು ಸೇರ್ಸಿ ಎಣಿಸಿ, ಮಗು ಹಾಲಿಗೆ ತೆಲುಗಲ್ಲಿ "ಪಾಲು" ಅಂದ್ರೂ ಒಂದು ಪದ, ಕನ್ನಡದಲ್ಲಿ "ಬಾ" ಅಂದ್ರೂ ಒಂದು ಪದ. ಒಂದೇ ಭಾಷೆ ಅನ್ನೋ ಸಲಹೆಯಿಂದ ಆಗೋದೇನು ಗೊತ್ತಾ, ಕನ್ನಡ ಸರಿಯಾಗಿ ಬರದ ಅಜ್ಜಿ ಬಾಯಿ ಮುಚ್ಕೊಂಡುಬಿಡ್ತಾರೆ. ಹಗಲೆಲ್ಲ ಅಪ್ಪ ಅಮ್ಮ ಟೊಮೇಟೊ ಕೀಳೋಕೆ ಹೋಗಿರ್ತಾರೆ, ಮಗು ಜೊತೆ ಇರೋದು ಅಜ್ಜಿ ಒಬ್ರೇ, ಅವರೂ ಸುಮ್ನಾದ್ರೆ ಆ ಮಗು ಮಾತು ಕೇಳಿಸ್ಕೊಳ್ಳೋದು ಯಾರ ಬಾಯಲ್ಲಿ?

ಆ ಶ್ರೀನಿವಾಸಪುರದ ಹುಡುಗನಿಗೆ ಹಿಯರಿಂಗ್ ಏಡ್ ಹಾಕಿದ್ಮೇಲೆ ಅವರಜ್ಜಿ ಅದನ್ನೇ ಕೇಳಿದ್ರು, ನಾನು ತೆಲುಗಲ್ಲಿ ಮಾತಾಡ್ಬೋದಾ, ಕೆಟ್ಟೋಗಲ್ವಾ ಅಂತ. ಮಾತಾಡಿ ಅವ್ವ, ಮುಖ ತೋರಿಸ್ಕೊಂಡು, ಹತ್ರ ಕೂತು, ದಿನವಿಡೀ ಮಾತಾಡಿ ಅಂದೆ. ಮುಂದಿನ ಸಲ ಹೋದಾಗ ಅದೇ ಕಲ್ಲಿನ ಮೇಲೆ ಇಬ್ರೂ ಎದುರುಬದುರು ಕೂತಿದ್ರು, ತಟ್ಟೆ ಅಜ್ಜಿ ಕೈಲಿ, "ದಾ, ತಿನು" ಅಂತಿದ್ರು, ಹುಡುಗ ಅವರ ತುಟಿನೇ ನೋಡ್ತಾ ಇದ್ದ.