ಉಂಗುರವೇನೋ ಕೂಡುತ್ತದೆ, ಯಾವ ಮಗ್ಗುಲಿಗೆ?

ಎರಡು ಅಣುಗಳು ಕೂಡಿ ಪರಮಾಣುಗಳ ಉಂಗುರವಾಗುವ ಸೈಕ್ಲೋಅಡಿಷನ್ ಕ್ರಿಯೆಯನ್ನು ಕಾಗದದ ಮೇಲೆ ಬರೆಯಲು ಸಾಮಾನ್ಯವಾಗಿ ಎಲೆಕ್ಟ್ರಾನ್ ಓಟ ತೋರಿಸುವ ಮೂರು ಬಾಣ ಸಾಕು. ಈ ಕಡೆ ಒಂದು ಅಣು, ಆ ಕಡೆ ಒಂದು ಅಣು. ಬಾಣ ಹಾಕಿದರೆ ಉಂಗುರ ರೆಡಿ. ಲ್ಯಾಬಿಗೆ ಹೊಸದಾಗಿ ಸೇರಿದವರು ಹೀಗೆ ಬರೆದು ತಂದಾಗ ನಾನು ಕೇಳುವುದು ಒಂದೇ ಪ್ರಶ್ನೆ: ಯಾವ ತುದಿ ಯಾವ ತುದಿಗೆ ಸೇರಿತು? ಉಂಗುರ ಆಗುವುದು ಅಷ್ಟು ದೊಡ್ಡ ವಿಷಯವಲ್ಲ. ಬೇಕಾದ ಉಂಗುರ ಮಾತ್ರ ಆಗಬೇಕು. ನಮ್ಮ ಹೊತ್ತು ಹೋಗುವುದೆಲ್ಲ ಅದರಲ್ಲೇ.

ಉಂಗುರದಲ್ಲಿ ಇಂಗಾಲದ ಜೊತೆಗೆ ಸಾರಜನಕ, ಆಮ್ಲಜನಕ, ಗಂಧಕದಂಥ ಬೇರೆ ಪರಮಾಣುವೂ ಇದ್ದರೆ ಅದು ಹೆಟೆರೊಸೈಕ್ಲಿಕ್ ಸಂಯುಕ್ತ. ಪಿರಿಡಿನ್, ಫ್ಯೂರಾನ್, ಇಮಿಡಜೋಲ್ ಎಲ್ಲ ಈ ಗುಂಪಿನವು. ಔಷಧ ಮಾಡುವವರಿಗೆ ಇವಿಲ್ಲದೆ ದಿನ ಹೋಗುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಸಣ್ಣ ಅಣುವಿನ ಔಷಧಗಳಲ್ಲಿ ಶೇ 59ರಷ್ಟರಲ್ಲಿ ಸಾರಜನಕ ಇರುವ ಉಂಗುರವಿದೆ. ಇಂಥ ಉಂಗುರ ಕಟ್ಟುವ ಹಳೆಯ ದಾರಿ ಎಂದರೆ ಒಂದೊಂದೇ ಬಂಧ ಜೋಡಿಸಿ, ನೀರು ಕಳಚಿ, ಕೊನೆಗೆ ಮುಚ್ಚುವುದು. ಸೈಕ್ಲೋಅಡಿಷನ್‌ನಲ್ಲಿ ಎರಡು ಬಂಧಗಳು ಒಂದೇ ಏಟಿಗೆ ಬೀಳುತ್ತವೆ. ಎರಡೂ ಅಣುಗಳ ಎಲ್ಲ ಪರಮಾಣುಗಳೂ ಉಂಗುರದ ಜೊತೆಗೇ ಉಳಿಯುತ್ತವೆ. ಎಸೆಯುವ ಚೂರು ಇಲ್ಲ.

1893ರಲ್ಲಿ ರಸಾಯನಶಾಸ್ತ್ರಜ್ಞ ಆರ್ಥರ್ ಮೈಕೆಲ್ ಫಿನೈಲ್ ಅಜೈಡನ್ನು (ಅಜೈಡ್ ಎಂದರೆ ಮೂರು ಸಾರಜನಕ ಸಾಲಾಗಿ ಇರುವ ಅಣು) ಮಧ್ಯೆ ಮೂರು ಬಂಧ ಇರುವ ಒಂದು ಅಸಿಟಿಲೀನ್ ಡೈಎಸ್ಟರ್ ಜೊತೆ ಸೇರಿಸಿ ಟ್ರಯಜೋಲ್ ಪಡೆದರು. ಮೂರು ಸಾರಜನಕ, ಎರಡು ಇಂಗಾಲ ಇರುವ ಐದರ ಉಂಗುರ ಅದು. ಆ ಡೈಎಸ್ಟರ್‌ನ ಎರಡು ತುದಿಗಳೂ ಒಂದೇ ಥರ. ತಿರುಗಿಸಿ ಸೇರಿಸಿದರೂ ಅದೇ ಟ್ರಯಜೋಲ್. ಹಾಗಾಗಿ ನನ್ನ ಪ್ರಶ್ನೆ ಅವರಿಗೆ ಎದುರಾಗಲೇ ಇಲ್ಲ. 1960ರ ದಶಕದಲ್ಲಿ ಮ್ಯೂನಿಕ್‌ನ ರೋಲ್ಫ್ ಹ್ಯೂಸ್ಗೆನ್ ಇಂಥ ಬಿಡಿ ಕ್ರಿಯೆಗಳನ್ನೆಲ್ಲ ಒಂದೇ ಸೂರಿನಡಿ ತಂದರು. ಅಜೈಡ್, ಡಯಾಜೋ ಸಂಯುಕ್ತ, ನೈಟ್ರೋನ್, ನೈಟ್ರೈಲ್ ಆಕ್ಸೈಡ್ ನೋಡಲು ಬೇರೆ ಬೇರೆ. ಮಾಡುವ ಕೆಲಸ ಮಾತ್ರ ಒಂದೇ. ಮೂರು ಪರಮಾಣುಗಳ ಮೇಲೆ ನಾಲ್ಕು ಎಲೆಕ್ಟ್ರಾನ್ ಹರಡಿಕೊಂಡ ತುಂಡೊಂದು, ಜೋಡಿ ಬಂಧ ಅಥವಾ ಮೂರು ಬಂಧ ಇರುವ ಇನ್ನೊಂದು ಅಣುವನ್ನು ಹಿಡಿದು ಐದರ ಉಂಗುರ ಮಾಡುತ್ತದೆ. ಇದನ್ನೇ ನಾವು 1,3-ಡೈಪೋಲಾರ್ ಸೈಕ್ಲೋಅಡಿಷನ್ ಅನ್ನುವುದು.

ಈಗ ಎರಡು ತುದಿಗಳೂ ಬೇರೆ ಬೇರೆ ಇರುವ ಜೋಡಿ ತೆಗೆದುಕೊಳ್ಳಿ. ಬೆಂಜೈಲ್ ಅಜೈಡ್ ಮತ್ತು ಫಿನೈಲ್ ಅಸಿಟಿಲೀನ್. ಟಾಲ್ವೀನ್ ದ್ರಾವಕದಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಟ್ರಯಜೋಲ್ ಬರುತ್ತದೆ. ಆದರೆ ಒಂದಲ್ಲ, ಎರಡು. ಬೆಂಜೈಲ್ ಹೊತ್ತ ಸಾರಜನಕವನ್ನು 1 ಎಂದು ಎಣಿಸಿದರೆ, ಫಿನೈಲ್ ಗುಂಪು 4ನೇ ಸ್ಥಾನದಲ್ಲಿರುವುದು ಒಂದು, 5ನೇ ಸ್ಥಾನದಲ್ಲಿರುವುದು ಇನ್ನೊಂದು. ಹೀಗೇಕೆ? ಒಂದು ಅಣುವಿನ ತುಂಬಿದ ಆರ್ಬಿಟಲ್ (ಎಲೆಕ್ಟ್ರಾನ್ ಇರುವ ಜಾಗ) ಇನ್ನೊಂದರ ಖಾಲಿ ಆರ್ಬಿಟಲ್ ಜೊತೆ ಬೆರೆತಾಗ ಬಂಧ ಹುಟ್ಟುತ್ತದೆ. ಆರ್ಬಿಟಲ್ ಯಾವ ತುದಿಯಲ್ಲಿ ದಪ್ಪಗಿದೆಯೋ ಆ ತುದಿಗಳು ಮೊದಲು ಸೇರುತ್ತವೆ. ಈ ಲೆಕ್ಕಾಚಾರಕ್ಕೆ ಅಡಿಪಾಯ ಹಾಕಿದ ಕೆನಿಚಿ ಫುಕುಯಿ ಮತ್ತು ರೋಆಲ್ಡ್ ಹಾಫ್‌ಮನ್ 1981ರಲ್ಲಿ ನೊಬೆಲ್ ಪಡೆದರು. ಅಜೈಡ್ ವಿಷಯದಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಹೆಚ್ಚುಕಡಿಮೆ ಸಮ. ಅಂತರ ಚಿಕ್ಕದು. ಬಿಸಿಯಲ್ಲಿ ಅದು ಗಟ್ಟಿಯಾಗಿ ಯಾವ ಪಕ್ಷವನ್ನೂ ಹಿಡಿಯುವುದಿಲ್ಲ.

ತಾಮ್ರ ಬಂದು ಈ ಜಗಳ ಬಿಡಿಸಿತು. ಡೆನ್ಮಾರ್ಕ್‌ನ ಮಾರ್ಟೆನ್ ಮೆಲ್ಡಾಲ್ ಅವರ ಗುಂಪು ತಾಮ್ರದ ಅಯಾನು ಹಾಕಿ ಆಲ್ಕೈನನ್ನು (ಮೂರು ಬಂಧ ಇರುವ ಅಣು) ಒಂದು ಆಸಿಡ್ ಕ್ಲೋರೈಡ್ ಜೊತೆ ಸೇರಿಸಲು ನೋಡುತ್ತಿತ್ತು. ಆಲ್ಕೈನ್ ಹೋಗಿ ಆ ಅಣುವಿನ ಬೇರೆಯದೇ ತುದಿಯನ್ನು ಹಿಡಿದಿತ್ತು. ಅಲ್ಲಿ ಅಜೈಡ್ ಇತ್ತು, ಟ್ರಯಜೋಲ್ ಆಗಿತ್ತು. 2002ರಲ್ಲಿ ಅವರೂ, ಅಮೆರಿಕದಲ್ಲಿ ಬ್ಯಾರಿ ಶಾರ್ಪ್‌ಲೆಸ್ ಗುಂಪೂ ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದರು. ತಾಮ್ರ ಮೊದಲು ಆಲ್ಕೈನ್ ತುದಿಯ ಹೈಡ್ರೋಜನ್ ಜಾಗದಲ್ಲಿ ಕೂರುತ್ತದೆ. ಆಮೇಲೆ ಅಜೈಡನ್ನು ಒಂದೇ ಭಂಗಿಯಲ್ಲಿ ಹತ್ತಿರ ಎಳೆಯುತ್ತದೆ. ಬರುವುದು 4ನೇ ಸ್ಥಾನದ್ದು ಮಾತ್ರ. ಅದೂ ಕೋಣೆಯ ಉಷ್ಣತೆಯಲ್ಲಿ. 5ನೇ ಸ್ಥಾನದ್ದೇ ಬೇಕು ಅಂದರೆ ರುಥೇನಿಯಂ ಲೋಹ ಇದೆ. ಅದು 2005ರಿಂದ ನಮ್ಮ ಕೈಗೆ ಸಿಕ್ಕಿತು.

ತಾಮ್ರದ ವಿಧಾನ ಮಾಡಿ ನೋಡಿದವರಿಗೆ ಅದರ ಸುಖ ಗೊತ್ತು. ಬ್ಯುಟನಾಲ್ ಮತ್ತು ನೀರು ಅರ್ಧ ಅರ್ಧ. ಬ್ಯುಟನಾಲ್ ಅಂದರೆ ಟರ್ಷಿಯರಿ. ಚಿಟಿಕೆ ಕಾಪರ್ ಸಲ್ಫೇಟ್, ಅದೇ ನಮ್ಮ ಮೈಲುತುತ್ತ. ಮೇಲೆ ಸೋಡಿಯಂ ಆಸ್ಕಾರ್ಬೇಟ್, ಅಂದರೆ ವಿಟಮಿನ್ ಸಿಯ ಲವಣ. ಅದು ತಾಮ್ರವನ್ನು ಕೆಲಸಕ್ಕೆ ಬರುವ ಒಂದರ ಸ್ಥಿತಿಗೆ ಇಳಿಸುತ್ತದೆ. ನೀಲಿ ಬಣ್ಣ ಮಾಯವಾಗಿ ಹಳದಿಗೆ ತಿರುಗುತ್ತದೆ. ನೀಲಿ ಮತ್ತೆ ಇಣುಕಿತು ಅಂದರೆ ಗಾಳಿ ಒಳಗೆ ಹೋಗಿದೆ ಎಂದರ್ಥ. ಇನ್ನಷ್ಟು ಆಸ್ಕಾರ್ಬೇಟ್ ಹಾಕಿ. ಸುಮ್ನೆ ಬಿಟ್ಟರೆ ಆಲ್ಕೈನ್‌ಗಳು ತಮ್ಮತಮ್ಮಲ್ಲೇ ಜೋಡಿಯಾಗಿ ಡೈಆಲ್ಕೈನ್ ಆಗುತ್ತವೆ. ಕ್ರಿಯೆ ಮುಗಿಯುವ ಹೊತ್ತಿಗೆ ಬಿಳಿ ಪುಡಿ ಕೆಳಗೆ ಕೂತಿರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಸೋಸಿ, ಉಳಿದ ತಾಮ್ರ ಹೋಗಲು ದುರ್ಬಲ ಅಮೋನಿಯಾದಲ್ಲಿ ತೊಳೆದರೆ ಮುಗಿಯಿತು. ಕಾಲಂ ಹಾಕಿ ಬೇರ್ಪಡಿಸುವ ರಗಳೆ ಇಲ್ಲ.

ಆದರೂ ಪುಡಿ ಬಂತು ಅಂತ ನೋಟ್‌ಬುಕ್ ಮುಚ್ಚಬೇಡಿ. ಅಣುವಿನ ಹೈಡ್ರೋಜನ್‌ಗಳನ್ನು ಬೇರೆ ಬೇರೆಯಾಗಿ ತೋರಿಸುವ ಪ್ರೋಟಾನ್ ಎನ್‌ಎಂಆರ್‌ನಲ್ಲಿ ಬೆಂಜೈಲ್‌ನ ಸಿಎಚ್‌2 ಸುಮಾರು 5.5 ಪಿಪಿಎಂ ಹತ್ತಿರ, ಟ್ರಯಜೋಲ್ ಉಂಗುರದ ಒಂಟಿ ಹೈಡ್ರೋಜನ್ ಸುಮಾರು 7.7 ಹತ್ತಿರ ಕಾಣುತ್ತದೆ. ತೊಂದರೆ ಏನೆಂದರೆ 4ರದ್ದು, 5ರದ್ದು ಎರಡೂ ಐಸೋಮರ್‌ಗಳಲ್ಲಿ ಈ ಅಂಕಿಗಳು ಬಹಳ ಹತ್ತಿರ. ಅವನ್ನಷ್ಟೇ ನೋಡಿ ತೀರ್ಪು ಕೊಡುವಂತಿಲ್ಲ. ಯಾವ ಹೈಡ್ರೋಜನ್‌ಗಳು ಹತ್ತಿರದಲ್ಲಿವೆ ಎಂದು ಹೇಳುವ ಎನ್‌ಓಇ ಪ್ರಯೋಗ ಮಾಡಿ. ಸಿಎಚ್‌2ವನ್ನು ತಟ್ಟಿದಾಗ ಉಂಗುರದ ಹೈಡ್ರೋಜನ್ ಉತ್ತರ ಕೊಟ್ಟರೆ ಅವೆರಡೂ ಅಕ್ಕಪಕ್ಕ ಇವೆ, ಫಿನೈಲ್ ದೂರದ 4ನೇ ಸ್ಥಾನದಲ್ಲಿದೆ. ಅದು ಸುಮ್ಮನಿದ್ದು ಫಿನೈಲ್‌ನ ಹೈಡ್ರೋಜನ್‌ಗಳು ಉತ್ತರ ಕೊಟ್ಟರೆ ಕಥೆ ಉಲ್ಟಾ. ಅರ್ಧ ದಿನದ ಕೆಲಸವೂ ಅಲ್ಲ, ಆದರೂ ಇದನ್ನು ಬಿಟ್ಟುಬಿಡುವವರೇ ಜಾಸ್ತಿ.

ಜೀವಕೋಶದ ಒಳಗೆ ತಾಮ್ರ ಹಾಕುವಂತಿಲ್ಲ, ಅದು ವಿಷ. ಕ್ಯಾರೊಲಿನ್ ಬರ್ಟೋಜಿ 2004ರಲ್ಲಿ ಎಂಟರ ಉಂಗುರದೊಳಗೆ ಮೂರು ಬಂಧ ಇರುವ ಸೈಕ್ಲೋಆಕ್ಟೈನ್ ಬಳಸಿ ಇದರಿಂದ ಪಾರಾದರು. ನೆಟ್ಟಗಿರಬೇಕಾದ ಬಂಧವನ್ನು ಬಿಲ್ಲಿನ ಹಾಗೆ ಬಾಗಿಸಿದ್ದರಿಂದ ಅದು ಅಜೈಡ್ ಸಿಕ್ಕಿದ ಕೂಡಲೇ ಬಿಗಿ ಬಿಡಿಸಿಕೊಳ್ಳುತ್ತದೆ. ಇಲ್ಲಿ ಎರಡೂ ಮಗ್ಗುಲಿನ ಟ್ರಯಜೋಲ್ ಬರುತ್ತವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೋಶದ ಮೇಲೆ ಹೊಳೆಯುವ ಬಣ್ಣ ಅಂಟಿದರೆ ಸಾಕಲ್ವಾ? 2022ರ ರಸಾಯನಶಾಸ್ತ್ರದ ನೊಬೆಲ್ ಮೆಲ್ಡಾಲ್, ಶಾರ್ಪ್‌ಲೆಸ್, ಬರ್ಟೋಜಿ ಮೂವರಿಗೆ ಬಂತು. ಶಾರ್ಪ್‌ಲೆಸ್ ಅವರಿಗೆ ಅದು ಎರಡನೆಯದು.

ಅಜೈಡ್ ಬಾಟಲಿಯಲ್ಲಿ ಕೂರುತ್ತದೆ. ನೈಟ್ರೈಲ್ ಆಕ್ಸೈಡ್ ಹಾಗಲ್ಲ, ಹೆಚ್ಚಿನವನ್ನು ಎತ್ತಿಡಲು ಆಗುವುದಿಲ್ಲ. ಆಲ್ಡಾಕ್ಸಿಮ್‌ಗೆ ಎನ್‌-ಕ್ಲೋರೋಸಕ್ಸಿನಿಮೈಡ್ ಹಾಕಿ ಕ್ಲೋರಿನ್ ಸೇರಿಸಿ, ಆಮೇಲೆ ಟ್ರೈಈಥೈಲ್ ಅಮೀನ್ ಹಾಕಿದರೆ ಫ್ಲಾಸ್ಕ್‌ನೊಳಗೇ ಹುಟ್ಟುತ್ತದೆ. ಪಕ್ಕದಲ್ಲಿ ಆಲ್ಕೀನ್ (ಜೋಡಿ ಬಂಧ ಇರುವ ಅಣು) ಸಿಕ್ಕಿದರೆ ಐಸಾಕ್ಸಜೋಲಿನ್ ಎಂಬ ಐದರ ಉಂಗುರ. ಸಿಗದಿದ್ದರೆ ಇನ್ನೊಂದು ನೈಟ್ರೈಲ್ ಆಕ್ಸೈಡನ್ನೇ ಹಿಡಿದು ಫ್ಯೂರಾಕ್ಸಾನ್ ಆಗಿ ಕೂರುತ್ತದೆ. ಇಳುವರಿ ಬರಲಿಲ್ಲ ಎಂದು ಬರುವವರ ಫ್ಲಾಸ್ಕ್‌ನಲ್ಲಿ ನಾನು ಮೊದಲು ಹುಡುಕುವುದು ಈ ಫ್ಯೂರಾಕ್ಸಾನನ್ನೇ. ಕಾರಣ ಬಹುಪಾಲು ಒಂದೇ: ಅಮೀನನ್ನು ಒಟ್ಟಿಗೆ ಸುರಿದಿರುತ್ತಾರೆ. ಎರಡು ನೈಟ್ರೈಲ್ ಆಕ್ಸೈಡ್‌ಗಳು ಭೇಟಿಯಾಗುವ ವೇಗ ಅವುಗಳ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆಲ್ಕೀನ್ ಜೊತೆಗಿನ ವೇಗ ಸಾಂದ್ರತೆಗೆ ತಕ್ಕಷ್ಟೇ. ಹಾಗಾಗಿ ಅಮೀನನ್ನು ತೆಳ್ಳಗೆ ಮಾಡಿ, ತಣ್ಣಗಿನ ಫ್ಲಾಸ್ಕ್‌ಗೆ ಸಿರಿಂಜ್ ಪಂಪಿನಿಂದ ತೊಟ್ಟು ತೊಟ್ಟಾಗಿ ಬಿಡಬೇಕು. ಹುಟ್ಟಿದ್ದೆಲ್ಲ ಆಗಲೇ ಖರ್ಚಾಗುತ್ತಿರಬೇಕು. ಆಲ್ಕೀನ್ ಕೊಂಚ ಜಾಸ್ತಿಯೇ ಇರಲಿ. ಮಗ್ಗುಲಿನ ವಿಷಯಕ್ಕೆ ಬಂದರೆ ಇದು ಅಜೈಡ್‌ಗಿಂತ ಒಳ್ಳೆಯ ಸ್ವಭಾವದ್ದು. ತುದಿಯಲ್ಲಿ ಜೋಡಿ ಬಂಧ ಇರುವ ಆಲ್ಕೀನ್ ಕೊಟ್ಟರೆ ಬದಲಿ ಗುಂಪು ಆಮ್ಲಜನಕದ ಪಕ್ಕದ 5ನೇ ಸ್ಥಾನಕ್ಕೇ ಹೆಚ್ಚಾಗಿ ಬರುತ್ತದೆ.

ಆರರ ಉಂಗುರಕ್ಕೆ 1928ರ ಡೀಲ್ಸ್-ಆಲ್ಡರ್ ಕ್ರಿಯೆಯ ಹೆಟೆರೊ ರೂಪಗಳಿವೆ. ಅವನ್ನೆಲ್ಲ ಇಲ್ಲಿ ಹೇಳಲು ಆಗುವುದಿಲ್ಲ. ನನಗೆ ಇಷ್ಟವಾದ ಒಂದನ್ನು ಹೇಳುತ್ತೇನೆ. ವಿಟಮಿನ್ ಬಿ6 ತಯಾರಿಯಲ್ಲಿ ಐದರ ಆಕ್ಸಜೋಲ್ ಉಂಗುರವನ್ನು ಡೈಈನ್ (ಎರಡು ಜೋಡಿ ಬಂಧ ಇರುವ ಪಾಲುದಾರ) ಆಗಿ ಬಳಸುತ್ತಾರೆ. ಮೊದಲು ಆಮ್ಲಜನಕದ ಸೇತುವೆ ಇರುವ ಉಂಗುರ ಬರುತ್ತದೆ. ಆ ಸೇತುವೆ ಒಡೆದರೆ ಪಿರಿಡಿನ್ ಸಿಗುತ್ತದೆ. ಎದುರಿನ ಅಣುವಾಗಿ ಬ್ಯುಟೀನ್‌ಡಯೋಲ್‌ನ ರೂಪವೊಂದನ್ನು ಆರಿಸಿದ್ದಾರೆ. ಅದರ ಎರಡು ತುದಿಗಳೂ ಒಂದೇ. ಮೈಕೆಲ್ ಅವರಿಗೆ ತಾನಾಗಿ ಒದಗಿದ್ದನ್ನು ಇಲ್ಲಿ ಬೇಕೆಂದೇ ಮಾಡಿಕೊಂಡಿದ್ದಾರೆ. ಮಗ್ಗುಲಿನ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಪ್ರಶ್ನೆಯೇ ಏಳದಂತೆ ನೋಡಿಕೊಳ್ಳುವುದು ನನ್ನ ಲೆಕ್ಕದಲ್ಲಿ ಹೆಚ್ಚಿನ ಜಾಣತನ.

ಹಾಗಂತ ಎಲ್ಲದಕ್ಕೂ ಸೈಕ್ಲೋಅಡಿಷನ್ನೇ ಮದ್ದಲ್ಲ. ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್‌ನ ಪಿರೋಲ್ ಉಂಗುರವನ್ನು ಸಂಶೋಧನೆಯ ಹಂತದಲ್ಲಿ ಮ್ಯುಂಚ್‌ನೋನ್ ಎಂಬ ಡೈಪೋಲ್ ಬಳಸಿ ಕಟ್ಟಿದ್ದರು. ಕಾರ್ಖಾನೆಗೆ ಹೋಗುವಾಗ ಅದನ್ನು ಬಿಟ್ಟು ನೀರು ಕಳಚಿ ಉಂಗುರ ಮುಚ್ಚುವ ಹಳೆಯ ಪಾಲ್-ಕ್ನೋರ್ ದಾರಿಯನ್ನೇ ಹಿಡಿದರು.

ಇನ್ನು ಅಜೈಡ್ ಸ್ಫೋಟಿಸೀತೆಂಬ ಭಯದ ಬಗ್ಗೆ. ಭಯ ಇರಬೇಕು. ಇಂಗಾಲ ಮತ್ತು ಆಮ್ಲಜನಕದ ಸಂಖ್ಯೆ ಕೂಡಿಸಿ ಸಾರಜನಕದ ಸಂಖ್ಯೆಯಿಂದ ಭಾಗಿಸಿ. 3 ಅಥವಾ ಹೆಚ್ಚು ಬಂದರೆ ಸ್ವಲ್ಪ ನೆಮ್ಮದಿ. ಬೆಂಜೈಲ್ ಅಜೈಡ್‌ನಲ್ಲಿ ಇಂಗಾಲ 7, ಸಾರಜನಕ 3. ಬರುವುದು 2.3. ಎಲ್ಲರೂ ಸಲೀಸಾಗಿ ಬಳಸುವ ಅಜೈಡೇ ಗೆರೆಯ ಕೆಳಗಿದೆ! ಕಡಿಮೆ ಪ್ರಮಾಣದಲ್ಲಿ ಮಾಡಿ, ತಣ್ಣಗೆ ಇಡಿ, ಭಟ್ಟಿ ಇಳಿಸಲು ಹೋಗಬೇಡಿ. ಸೋಡಿಯಂ ಅಜೈಡ್ ಇರುವ ಕಡೆ ಡೈಕ್ಲೋರೋಮೀಥೇನ್ ಬೇಡವೇ ಬೇಡ, ಸ್ಫೋಟಿಸುವ ಡೈಅಜಿಡೋಮೀಥೇನ್ ಆಗುತ್ತದೆ.

ಕ್ರಿಯೆ ಮುಗಿದ ಮೇಲೆ ಉಳಿದ ಅಜೈಡನ್ನು ಏನು ಮಾಡಬೇಕು? 2018ರಲ್ಲಿ ಜಗತ್ತಿಗೆ ಇದರ ಬಿಸಿ ತಟ್ಟಿತು. ರಕ್ತದೊತ್ತಡದ ವಾಲ್ಸಾರ್ಟಾನ್‌ನಲ್ಲಿ ಟೆಟ್ರಜೋಲ್ ಉಂಗುರವಿದೆ. ನೈಟ್ರೈಲ್ ಮತ್ತು ಅಜೈಡ್ ಕೂಡಿ ಅದು ಆಗುತ್ತದೆ. ಒಂದು ತಯಾರಿಕಾ ವಿಧಾನದಲ್ಲಿ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ದ್ರಾವಕವಾಗಿತ್ತು. ಉಳಿದ ಅಜೈಡನ್ನು ನಾಶಮಾಡಲು ನೈಟ್ರೈಟ್ ಮತ್ತು ಆಮ್ಲ ಹಾಕುತ್ತಿದ್ದರು. ಡಿಎಂಎಫ್ ಒಡೆದಾಗ ಹುಟ್ಟುವ ಡೈಮೀಥೈಲ್ ಅಮೀನ್ ಅದೇ ಪಾತ್ರೆಯಲ್ಲಿತ್ತು. ನೈಟ್ರಸ್ ಆಮ್ಲದ ಜೊತೆ ಸೇರಿ ಅದು ಎನ್‌ಡಿಎಂಎ ಆಯಿತು. ಕ್ಯಾನ್ಸರ್ ತರಬಲ್ಲದು ಎಂದು ಪರಿಗಣಿಸಲಾದ ನೈಟ್ರೊಸಮೀನ್ ಅದು. ಹಲವು ದೇಶಗಳು ಮಾತ್ರೆಗಳನ್ನು ವಾಪಸ್ ಕರೆಸಿಕೊಂಡವು. ಉಂಗುರ ಸರಿಯಾಗಿಯೇ ಕೂಡಿತ್ತು. ಎಡವಿದ್ದು ತೊಳೆಯುವಾಗ.

ನಾವು ಟೆಟ್ರಜೋಲ್ ಮಾಡುವಾಗ ಸಾಧ್ಯವಾದಷ್ಟು ಡಿಎಂಎಫ್ ಬಿಡುತ್ತೇವೆ. 2001ರಲ್ಲೇ ಶಾರ್ಪ್‌ಲೆಸ್ ಗುಂಪು ಸತುವಿನ ಲವಣ ಹಾಕಿ ನೀರಿನಲ್ಲೇ ಇದನ್ನು ಮಾಡಿ ತೋರಿಸಿದೆ. ಉತ್ಪನ್ನ ಮೊದಲು ಬೇರೆಯಾಗಬೇಕು. ಉಳಿದ ನೀರಿನ ಪದರಕ್ಕೆ ಮಾತ್ರ ನೈಟ್ರೈಟ್, ಆಮೇಲೆ ನಿಧಾನಕ್ಕೆ ಆಮ್ಲ. ಈ ಕ್ರಮ ತಪ್ಪಿ ಆಮ್ಲ ಮೊದಲು ಬಿದ್ದರೆ ವಿಷಕಾರಿ, ಸ್ಫೋಟಕ ಹೈಡ್ರಜೋಯಿಕ್ ಆಮ್ಲ ಏಳುತ್ತದೆ. ಅದು 37 ಡಿಗ್ರಿಗೇ ಕುದಿಯುತ್ತದೆ. ಫ್ಯೂಮ್ ಹುಡ್ ಒಳಗೆ, ಅಜೈಡ್ ಮುಗಿದು ನೈಟ್ರೈಟ್ ಮಿಕ್ಕಿದೆ ಎಂದು ಸ್ಟಾರ್ಚ್-ಅಯೊಡೈಡ್ ಕಾಗದ ನೀಲಿಗೆ ತಿರುಗಿ ತೋರಿಸುವವರೆಗೆ ಈ ಕೆಲಸ ನಡೆಯುತ್ತದೆ. ನೀಲಿ ಬಂದ ಮೇಲೆಯೇ ಆ ಪದರ ತ್ಯಾಜ್ಯದ ಡಬ್ಬಕ್ಕೆ ಹೋಗುವುದು.